ಕುಮ್ಮಕ್ಕಿನ ಪಡೆ: ಸೋಲು ಪಟ್ಟಿಯಲ್ಲೇ ಶುರು

ಮಾನ್ಯ ಸಂಪಾದಕರೇ,

ಮಧ್ಯಯುಗದ ಯುದ್ಧದ ಗೇಮ್‌ಗಳಲ್ಲಿ ಸೈನ್ಯ ದೊಡ್ಡದಿದ್ದರೆ ಗೆಲುವು ಖಚಿತ ಎಂಬ ನಂಬಿಕೆ ಹಲವರಲ್ಲಿದೆ. 2010ರಲ್ಲಿ ಬಂದ ‘ಮೌಂಟ್ ಆ್ಯಂಡ್ ಬ್ಲೇಡ್: ವಾರ್‌ಬ್ಯಾಂಡ್’ ಆಡಿದವರಿಗೆ ಇದು ಅರ್ಧಸತ್ಯವೆಂದು ಗೊತ್ತು. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟಲ್ ಸೈಜ್ 150 ಎಂದಿದ್ದರೆ ಎರಡೂ ಕಡೆ ಸೇರಿ ಒಮ್ಮೆಗೆ ಕಣಕ್ಕಿಳಿಯುವವರು ಸುಮಾರು ಅಷ್ಟೇ. ನಿಮ್ಮವರು 100, ಎದುರಾಳಿ 200 ಇದ್ದರೆ ಮೊದಲಿಗೆ ಹೆಚ್ಚುಕಡಿಮೆ 50ಕ್ಕೆ 100. ನಿಮ್ಮ ಪಾತ್ರದ ಟ್ಯಾಕ್ಟಿಕ್ಸ್ (ಯುದ್ಧತಂತ್ರ) ಕೌಶಲ ಈ ಲೆಕ್ಕವನ್ನು ತುಸು ನಿಮ್ಮತ್ತ ವಾಲಿಸುತ್ತದೆ. ಉಳಿದವರು ಕುಮ್ಮಕ್ಕಾಗಿ, ಅಂದರೆ ನೆರವಿನ ಪಡೆಯಾಗಿ, ಅಲೆಅಲೆಯಾಗಿ ಬರುತ್ತಾರೆ.

ಯಾರು ಮೊದಲು ಇಳಿಯಬೇಕೆಂದು ತೀರ್ಮಾನಿಸುವುದು ಪಾರ್ಟಿ ಪಟ್ಟಿ, ಅಂದರೆ ನಿಮ್ಮ ಸೈನಿಕರ ಪಟ್ಟಿ. ಮೇಲಿದ್ದವರು ಮೊದಲು. ಹೊಸದಾಗಿ ಸೇರಿಸಿಕೊಂಡ ರೈತರು ಮೇಲೆ, ನೈಟ್‌ಗಳು (ಕವಚಧಾರಿ ಕುದುರೆ ಸವಾರರು) ತಳದಲ್ಲಿ ಉಳಿದರೆ ಮೊದಲ ಡಿಕ್ಕಿಯಲ್ಲೇ ಸಾಲು ಒಡೆಯುತ್ತದೆ. ನೈಟ್‌ಗಳು ಬರುವಷ್ಟರಲ್ಲಿ ಕಾಪಾಡಲು ಏನೂ ಉಳಿದಿರುವುದಿಲ್ಲ. ಒಡನಾಡಿಗಳನ್ನು (ನಿಮ್ಮ ಜತೆ ಸೇರುವ, ಹೆಸರುಳ್ಳ ವಿಶೇಷ ಪಾತ್ರಗಳು) ಧೈರ್ಯವಾಗಿ ಮೇಲಿಡಿ, ಅವರು ಮೂರ್ಛೆ ಹೋಗುತ್ತಾರೆಯೇ ಹೊರತು ಸಾಯುವುದಿಲ್ಲ. ನಂತರ ಪಳಗಿದ ಕಾಲಾಳು, ಬಿಲ್ಲುಗಾರರು. ಯುದ್ಧಕ್ಕೆ ಮುಂಚೆ ಎರಡು ನಿಮಿಷದ ಕೆಲಸ, ಬಹುತೇಕರು ಮಾಡುವುದೇ ಇಲ್ಲ.

ಇನ್ನೊಂದು ತಪ್ಪು, ಆರಂಭದಲ್ಲೇ ಎಲ್ಲರನ್ನೂ ಮುನ್ನುಗ್ಗಿಸುವುದು. ಕುಮ್ಮಕ್ಕು ನಿಮ್ಮ ಕಡೆಯ ಅಂಚಿನಿಂದ ಬರುತ್ತದೆ. ಸಾಲು ದೂರ ಹೋದಷ್ಟೂ ಹೊಸಬರು ಒಬ್ಬೊಬ್ಬರಾಗಿ ಓಡಿಬಂದು ಶತ್ರು ಕುದುರೆಗಳಿಗೆ ತುತ್ತು. 0 ಒತ್ತಿ ಎಲ್ಲರನ್ನೂ ಆರಿಸಿ, ಎಫ್1 ಎರಡು ಬಾರಿ ಒತ್ತಿ, ಹತ್ತಿರದ ದಿಬ್ಬದ ಮೇಲೆ ನಿಲ್ಲಿಸಿ. ಓಡುವ ಶತ್ರುವನ್ನು ಅವರ ಅಂಚಿನವರೆಗೆ ಬೆನ್ನಟ್ಟಲೂಬೇಡಿ. ಅವರ ಮುಂದಿನ ಅಲೆ ಇಳಿಯುವುದು ಅಲ್ಲೇ.

— ಒಬ್ಬ ಓದುಗ