ಫ್ಯೂಜಿಯನ್ನ ಮತ್ತೆ ಕೆತ್ತೋದು ಕಾಪಿ ಹೊಡೆಯೋದಲ್ಲ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಜಪಾನಿನ ಫ್ಯೂಜಿ ಪರ್ವತದ, ಮರದ ಹಲಗೆಯಿಂದ ಅಚ್ಚು ಹಾಕಿದ ಪ್ರಿಂಟ್‌ಗಳ ಬಗ್ಗೆ ಬಂದ ಲೇಖನ ಓದಿದೆ. ಇಂಥ ವಿಷಯಕ್ಕೆ ಜಾಗ ಕೊಟ್ಟಿದ್ದು ಖುಷಿ ಆಯ್ತು. ಆದ್ರೆ ಈಗಿನ ಕಲಾವಿದರು ಜಪಾನಿನ ಹಳೇ ಚಿತ್ರಕಾರ ಹೊಕುಸಾಯ್ ಮಾಡಿದ್ದನ್ನೇ ಕಾಪಿ ಹೊಡೀತಿದಾರೆ, ಹೊಸದೇನೂ ಇಲ್ಲ ಅಂತ ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದು ಸರಿ ಅನ್ನಿಸಲಿಲ್ಲ.

ಫ್ಯೂಜಿ ಜ್ವಾಲಾಮುಖಿ ಕೊನೇ ಸಲ ಸಿಡಿದಿದ್ದು 1707ರ ಡಿಸೆಂಬರ್‌ನಲ್ಲಿ. ಸುಮಾರು 100 ಕಿಲೋಮೀಟರ್ ದೂರದ ಎಡೋ ಪಟ್ಟಣದಲ್ಲೂ, ಅಂದ್ರೆ ಈಗಿನ ಟೋಕಿಯೋದಲ್ಲೂ ಬೂದಿ ಸುರಿದು ಹಗಲಲ್ಲೇ ದೀಪ ಹಚ್ಚಬೇಕಾಯ್ತು ಅಂತ ಆಗ ಅಲ್ಲಿದ್ದ ವಿದ್ವಾಂಸ ಅರಾಯ್ ಹಾಕುಸೆಕಿ ಬರೆದಿಟ್ಟಿದಾರೆ. ಹೊಕುಸಾಯ್ ಹುಟ್ಟಿದ್ದೇ 1760ರಲ್ಲಿ, ಆ ಬೆಂಕಿ ಕಣ್ಣಾರೆ ಕಂಡವರಲ್ಲ. ಆದ್ರೂ 1834ರಿಂದ ಹೊರಬಂದ 'ಫ್ಯೂಜಿಯ ನೂರು ನೋಟಗಳು' ಪುಸ್ತಕದಲ್ಲಿ ಆ ಸ್ಫೋಟದ ಚಿತ್ರ ಇದೆ, ತೊಲೆಗಳು ಮುರಿದು ಚೆಲ್ಲಾಪಿಲ್ಲಿ, ಅದರ ಮಧ್ಯ ಜನ ಉರುಳಿ ಬೀಳ್ತಿದಾರೆ, ನೋಡಿದ್ರೆ ಎದೆ ಝಲ್ ಅನ್ನುತ್ತೆ. ನೂರು ವರ್ಷಕ್ಕೂ ಹಿಂದೆ ಆದ ಸಂಗತೀನ ಕಲ್ಪಿಸಿಕೊಂಡು ಬರೆದಿದ್ದು ಅದು. ಅವರಿಗೆ ಕೊಟ್ಟ ಆ ಸ್ವಾತಂತ್ರ್ಯ ಇವತ್ತಿನವರಿಗೆ ಯಾಕಿಲ್ಲ?

ಇನ್ನೊಂದು, ಹೊಕುಸಾಯ್ ಬರೀತಿದ್ದಿದ್ದು ಚಿತ್ರ ಮಾತ್ರ. ಚೆರಿ ಮರದ ಹಲಗೆ ಮೇಲೆ ಕೆತ್ತೋನು ಒಬ್ಬ, ಬಣ್ಣ ಹಚ್ಚಿ ಕಾಗದ ಉಜ್ಜಿ ಅಚ್ಚು ತೆಗೆಯೋನು ಇನ್ನೊಬ್ಬ, ದುಡ್ಡು ಹಾಕೋ ಪ್ರಕಾಶಕ ಬೇರೆ. 'ಕೆಂಪು ಫ್ಯೂಜಿ' ಅಂತ ನಾವೆಲ್ಲ ಕರೆಯೋ ಪ್ರಿಂಟ್‌ನ್ನೇ ಹತ್ತಿರದಿಂದ ನೋಡಿ, ಬೆಟ್ಟದ ಇಳಿಜಾರಲ್ಲಿ ಮರದ ಎಳೆಗಳು ಹಾಗೇ ಮೂಡಿರ್ತಾವೆ. ಮೊದಮೊದಲು ತೆಗೆದ ಪ್ರತಿಗಳಲ್ಲಿ ಬೆಟ್ಟ ತಿಳಿ ಗುಲಾಬಿ, ಆಮೇಲಿನವುಗಳಲ್ಲಿ ಗಾಢ ಕೆಂಪು. ಒಂದೇ ಚಿತ್ರ ಆಗ್ಲೇ ಹೀಗೆ ಬದಲಾಗ್ತಾ ಹೋಗಿರುವಾಗ ಕಾಪಿ ಹೊಡೆಯೋಕೆ ಅಸಲಿ ಅಂತ ಯಾವುದನ್ನ ಹಿಡ್ಕೊಳ್ಳೋದು ಹೇಳಿ.

ಫ್ಯೂಜಿ ಪಕ್ಕದ ಯಮನಾಶಿ ಪ್ರಾಂತ್ಯದಲ್ಲೇ ಹುಟ್ಟಿದ ಹಾಗಿವಾರ ಹಿದೆಓ, ಅಬ್‌ಸ್ಟ್ರಾಕ್ಟ್ ವುಡ್‌ಕಟ್‌ಗೆ, ಅಂದ್ರೆ ಮರದ ಹಲಗೆಯಲ್ಲಿ ಅಮೂರ್ತ ಚಿತ್ರ ಕೆತ್ತೋದಕ್ಕೆ ಹೆಸರಾದವರು, 1980ರ ದಶಕದಲ್ಲಿ 36 ಫ್ಯೂಜಿ ಅಂತ ತಮ್ಮದೇ ಸರಣಿ ಮಾಡಿದ್ರು. ಸಂಖ್ಯೆ ಹೊಕುಸಾಯ್‌ರ 'ಫ್ಯೂಜಿಯ 36 ನೋಟಗಳು' ಸರಣಿಯದ್ದು, ಆದ್ರೆ ಬರೆದು, ಕೆತ್ತಿ, ಅಚ್ಚು ಹಾಕೋ ಕೆಲಸ ಪೂರ್ತಿ ಇವರ ಕೈಯದ್ದೇ. ಟೋಕಿಯೋದಲ್ಲಿ ನೆಲೆಸಿರೋ, ಹಲಗೆ ಕೆತ್ತಿ ಪ್ರಿಂಟ್ ಮಾಡೋ ಡೇವಿಡ್ ಬುಲ್ ಅಂತೂ ಹೊಕುಸಾಯ್‌ರ ದೊಡ್ಡ ಅಲೆಯ ಚಿತ್ರವನ್ನ, ಅದರ ಹಿಂದೆ ಪುಟ್ಟದಾಗಿ ಕೂತಿರೋ ಫ್ಯೂಜಿ ಸಮೇತ, ಗೆರೆಗೆ ಗೆರೆ ಮತ್ತೆ ಕೆತ್ತಿದಾರೆ, ಕೆತ್ತಿದ ಹಳೇ ಹಲಗೆಗಳು ಉಳಿದಿಲ್ಲ ನೋಡಿ, ಉಳಿದ ಪ್ರಿಂಟ್‌ಗಳನ್ನೇ ಇಟ್ಕೊಂಡು ಕೆತ್ತಬೇಕು. ಇದನ್ನ ಬೇಕಾದ್ರೆ ಪ್ರತಿ ಅನ್ನಿ, ಆದ್ರೆ ಒಂದು ಕಸುಬು ಕೈತಪ್ಪಿ ಹೋಗದ ಹಾಗೆ ಕಾಯೋ ಪ್ರತಿ ಇದು. ಹಾಗಿವಾರರ ಸರಣಿ, ಬುಲ್‌ರ ಪ್ರತಿ, ಎರಡನ್ನೂ ಕಾಪಿ ಅಂತ ಒಂದೇ ತಕ್ಕಡಿಗೆ ಹಾಕೋದು ತಪ್ಪು.

ಇಟಲಿಯ ವೆಸುವಿಯಸ್ ಜ್ವಾಲಾಮುಖಿ ಕತೆನೂ ಇದೇ. 1776ರಲ್ಲಿ ಅಲ್ಲಿದ್ದ ಬ್ರಿಟಿಷ್ ರಾಯಭಾರಿ ವಿಲಿಯಂ ಹ್ಯಾಮಿಲ್ಟನ್‌ರ ಪುಸ್ತಕಕ್ಕೆ ಕಲಾವಿದ ಪಿಯೆತ್ರೋ ಫಾಬ್ರಿಸ್ ಬರೆದ ಚಿತ್ರಗಳನ್ನ ಅಚ್ಚು ಹಾಕಿ ಕೈಯಲ್ಲೇ ಬಣ್ಣ ತುಂಬಿದ್ರು. ಬೆಂಕಿ ಉಗುಳೋ ಅದೇ ಬೆಟ್ಟವನ್ನ 1985ರಲ್ಲಿ ಅಮೆರಿಕದ ಕಲಾವಿದ ಆ್ಯಂಡಿ ವಾರ್ಹಾಲ್ ಸ್ಕ್ರೀನ್‌ಪ್ರಿಂಟ್‌ನಲ್ಲಿ ಕಣ್ಣು ಕುಕ್ಕೋ ಬಣ್ಣಗಳಲ್ಲಿ ತಂದ್ರು, ಅದು ಕೊನೇ ಸಲ ಸಿಡಿದು ಆಗ್ಲೇ 41 ವರ್ಷ ಆಗಿತ್ತು.

ನಮ್ಮಲ್ಲೂ ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಕಲಾಶಾಲೆಯಲ್ಲಿ ಹುಡುಗ ಹುಡುಗೀರು ಗ್ರಾಫಿಕ್ಸ್, ಅಂದ್ರೆ ಅಚ್ಚು ಚಿತ್ರ ಮಾಡೋದು ಕಲೀತಾರೆ. ಹಳೇ ಚಿತ್ರ ಮುಟ್ಟಿದ ಕೂಡ್ಲೇ ಕಾಪಿ ಅಂತ ಪೇಪರಲ್ಲೇ ಬಂದ್ರೆ ಅವರಿಗೆ ಹೇಗಾಗಬೇಡ. ದಯವಿಟ್ಟು ಮುಂದಿನ ಪುರವಣಿಯಲ್ಲಿ ಹೊಕುಸಾಯ್‌ರ ಆ ಸ್ಫೋಟದ ಚಿತ್ರ, ಹಾಗಿವಾರರ ಒಂದು ಫ್ಯೂಜಿ, ಎರಡನ್ನೂ ಅಕ್ಕಪಕ್ಕ ದೊಡ್ಡದಾಗಿ ಹಾಕಿ, ಕೆಳಗೆ ಯಾರು ಕೆತ್ತಿದ್ದು, ಎಷ್ಟು ಬಣ್ಣಕ್ಕೆ ಎಷ್ಟು ಹಲಗೆ ಅಂತ ಗೊತ್ತಿರೋರ ಹತ್ರ ಬರೆಸಿ.

ಇಂತಿ,
ಓದುಗ, ಧಾರವಾಡ