ಸೋರುವ ಚಾವಣಿಯ ಕೆಳಗೆ ಹೊಸ ಸ್ಪೀಕರ್: ನಮ್ಮ ಜನಪ್ರತಿನಿಧಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ನಾನು ಒಂದು ಸಣ್ಣ ಸಂಘದ ಖಜಾಂಚಿ. 11 ವರ್ಷದಿಂದ ಅದರ ಲೆಕ್ಕ ಬರೆಯುತ್ತಿದ್ದೇನೆ. ನಮ್ಮಲ್ಲಿ ಯಾರಿಗೂ ಸಂಬಳ ಇಲ್ಲ. ಒಂದು ಹಳೆಯ ಸಭಾಂಗಣ, ಪಕ್ಕದಲ್ಲಿ ಓದುವ ಕೋಣೆ, ಹಿಂದೆ ಆಟದ ಬಯಲು. ಬೆಳಿಗ್ಗೆ ವಯಸ್ಸಾದವರು ವ್ಯಾಯಾಮಕ್ಕೆ ಬರುತ್ತಾರೆ. ಮಧ್ಯಾಹ್ನ ಹೊಲಿಗೆ ಕಲಿಯುವವರು ಇರುತ್ತಾರೆ. ಸಂಜೆ ಬಯಲಿನ ತುಂಬ ಮಕ್ಕಳು. ರಾತ್ರಿ ಒಂದೊಂದು ದಿನ ನಾಟಕದ ತಾಲೀಮು. ಬೀಗದ ಕೈ ಮೂರು ಜನರ ಹತ್ತಿರ ಇದೆ. ಯಾರಿಗೆ ಬಿಡುವಿದೆಯೋ ಅವರು ಬಂದು ಬಾಗಿಲು ತೆಗೆಯುತ್ತಾರೆ.

ನಾಲ್ಕು ವರ್ಷದ ಹಿಂದೆ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಸಭಾಂಗಣದ ಚಾವಣಿ ಸೋರುತ್ತಿತ್ತು. ರಿಪೇರಿಗೆ ಅನುದಾನ ಕೇಳಿ ಅರ್ಜಿ ಹಾಕಿದೆವು. ಈ ಯೋಜನೆಯಲ್ಲಿ ರಿಪೇರಿಗೆ ಹಣ ಕೊಡಲು ಬರುವುದಿಲ್ಲ, ಹೊಸ ಸಾಮಾನು ಬೇಕಿದ್ದರೆ ಕೇಳಿ ಎಂದು ಉತ್ತರ ಬಂತು. ನಾವು ಕೂತು ಮಾತಾಡಿದೆವು. ಏನೂ ಬರದೇ ಇರುವುದಕ್ಕಿಂತ ಏನಾದರೂ ಬರಲಿ ಎಂದು ಮೈಕು, ಆಂಪ್ಲಿಫೈಯರ್, ಎರಡು ಸ್ಪೀಕರ್ ಕೇಳಿದೆವು. ಬಂತು. ಒಳ್ಳೆಯ ಸಾಮಾನೇ. ಎರಡನೇ ಮಳೆಗಾಲದಲ್ಲಿ ಅದೇ ಚಾವಣಿಯ ನೀರು ಆಂಪ್ಲಿಫೈಯರ್ ಒಳಗೆ ಇಳಿಯಿತು. ಈಗ ಅದು ಬೀರುವಿನಲ್ಲಿದೆ. ನನ್ನ ದಾಸ್ತಾನು ಪುಸ್ತಕದಲ್ಲಿ ಅದರ ಮುಂದೆ "ಕೆಟ್ಟಿದೆ" ಎಂದು ಬರೆದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ. ಅದು ಜನರ ತೆರಿಗೆಯ ಹಣ ಅಲ್ವಾ?

ಆ ಕಡತ ನೋಡಿದ ಅಧಿಕಾರಿಯ ಮೇಲೆ ನನಗೆ ಸಿಟ್ಟಿಲ್ಲ. ಅವರು ನಿಯಮದಂತೆ ನಡೆದುಕೊಂಡರು. ನಿಯಮದಲ್ಲೇ ತೊಂದರೆ ಇದೆ. ಆಸ್ತಿ ಮಾಡುವ ಹಣಕ್ಕೆ ಒಂದು ತಲೆಬರಹ, ಅದನ್ನು ಕಾಪಾಡುವ ಹಣಕ್ಕೆ ಇನ್ನೊಂದು. ಮೊದಲನೆಯದು ಪ್ರತಿ ವರ್ಷ ಬರುತ್ತದೆ. ಎರಡನೆಯದು ನಮ್ಮಂಥ ಸಂಘಗಳ ತನಕ ಬರುವುದೇ ಇಲ್ಲ. ಒಂದರ ಹಣ ಇನ್ನೊಂದಕ್ಕೆ ಬಳಸಿದರೆ ಲೆಕ್ಕ ತಪಾಸಣೆಯಲ್ಲಿ ಆಕ್ಷೇಪ. ಇನ್ನೊಂದು ಕಾರಣವನ್ನೂ ನೇರವಾಗಿಯೇ ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಹೊಸ ಕಟ್ಟಡ ಕಣ್ಣಿಗೆ ಕಾಣುತ್ತದೆ, ಉದ್ಘಾಟನೆ ಆಗುತ್ತದೆ, ಕಲ್ಲಿನ ಮೇಲೆ ಹೆಸರು ಬರುತ್ತದೆ. ರಿಪೇರಿಯಾದ ಚಾವಣಿ ಮೊದಲಿನ ಹಾಗೇ ಕಾಣುತ್ತದೆ. ಅದರ ಕೆಳಗೆ ಕೂತವರಿಗೆ ಮಾತ್ರ ವ್ಯತ್ಯಾಸ ಗೊತ್ತಾಗುತ್ತದೆ. ಐದು ವರ್ಷಕ್ಕೊಮ್ಮೆ ಜನರ ಮುಂದೆ ನಿಲ್ಲಬೇಕಾದವರಿಗೆ ಏನಾದರೂ ತೋರಿಸಬೇಕು ಎಂಬುದು ನನಗೂ ಅರ್ಥವಾಗುತ್ತದೆ.

ಆದರೆ ಕೊಡುವಾಗಲೇ ಮುಂದಿನದನ್ನೂ ಯೋಚಿಸಿದವರು ಹಿಂದೆಯೇ ಇದ್ದರು. ಆಂಡ್ರ್ಯೂ ಕಾರ್ನೆಗಿ ಎಂಬ ಉಕ್ಕಿನ ಉದ್ಯಮಿ ಲೋಕದ ಬೇರೆ ಬೇರೆ ಕಡೆ 2,500ಕ್ಕೂ ಜಾಸ್ತಿ ಗ್ರಂಥಾಲಯಗಳಿಗೆ ಹಣ ಕೊಟ್ಟರು. ಮೊದಲನೆಯದು 1883ರಲ್ಲಿ ಅವರು ಹುಟ್ಟಿದ, ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಊರಿನಲ್ಲಿ ತೆರೆಯಿತು. ಕೇಳಿದವರಿಗೆಲ್ಲ ಅವರು ಸುಮ್ನೆ ಹಣ ಕೊಡುತ್ತಿರಲಿಲ್ಲ. ಅಮೆರಿಕದಲ್ಲಿ ಅವರು ಊರಿನವರಿಗೆ ಸಾಮಾನ್ಯವಾಗಿ ಹಾಕುತ್ತಿದ್ದ ಷರತ್ತು ಇದು: ಜಾಗ ನೀವು ಕೊಡಬೇಕು, ಕಟ್ಟಡಕ್ಕೆ ನಾನು ಎಷ್ಟು ಕೊಡುತ್ತೇನೋ ಅದರ ಶೇ 10ರಷ್ಟನ್ನು ಪ್ರತಿ ವರ್ಷ ನಿಮ್ಮ ಆಡಳಿತ ಅದನ್ನು ನಡೆಸಲು ಎತ್ತಿಡಬೇಕು. ಇದಕ್ಕೆ ಒಪ್ಪದೆ ಕೆಲವು ಊರುಗಳು ಹಣವನ್ನೇ ಬೇಡ ಎಂದವು. ಒಪ್ಪಿದ ಊರುಗಳಲ್ಲಿ ನೂರು ವರ್ಷ ಕಳೆದರೂ ಎಷ್ಟೋ ಕಟ್ಟಡಗಳು ಇನ್ನೂ ಗ್ರಂಥಾಲಯವಾಗಿಯೇ ನಡೆಯುತ್ತಿವೆ. ಕಟ್ಟಡವೂ ಅದರ ಪಾಲನೆಯೂ ಒಂದೇ ಒಪ್ಪಂದದಲ್ಲಿದ್ದವು. ನಮ್ಮ ಅನುದಾನದ ಕಾಗದಗಳಲ್ಲಿ ಹುಡುಕಿದರೂ ಸಿಗದ ಮಾತು ಇದು.

ಸಲಕರಣೆಯ ವಿಷಯದಲ್ಲಿ ಇದು ಇನ್ನೂ ಮುಖ್ಯ. ಈಗ ಅನೇಕ ಕಡೆ ಸಂಘಗಳಿಗೆ ಎಇಡಿ ಯಂತ್ರ ಕೊಡುತ್ತಾರೆ. ಲಯ ತಪ್ಪಿದ ಹೃದಯಕ್ಕೆ ಶಾಕ್ ಕೊಟ್ಟು ಮತ್ತೆ ಸರಿಯಾಗಿ ಬಡಿಯುವಂತೆ ಮಾಡುವ ಪುಟ್ಟ ಪೆಟ್ಟಿಗೆ ಅದು. ಅಂಥ ಹೊತ್ತಿನಲ್ಲಿ ಎದೆ ಒತ್ತುವುದೂ ಇಲ್ಲ, ಶಾಕೂ ಇಲ್ಲ ಎಂದರೆ ಒಂದೊಂದು ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ 7ರಿಂದ 10ರಷ್ಟು ಇಳಿಯುತ್ತದೆ. ಆಂಬುಲೆನ್ಸ್ ಬರುವ ತನಕ ಕಾಯುವಷ್ಟು ಸಮಯ ಇರುವುದಿಲ್ಲ. ಹಾಗಾಗಿ ಇದು ತುಂಬ ಒಳ್ಳೆಯ ಕೊಡುಗೆ. ಆದರೆ ಎದೆಗೆ ಅಂಟಿಸುವ ಪ್ಯಾಡಿನ ಜೆಲ್ ಕಾಲ ಕಳೆದಂತೆ ಒಣಗುತ್ತದೆ. ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ ಪ್ಯಾಡ್ ಬದಲಿಸಬೇಕು. ಬ್ಯಾಟರಿಯನ್ನೂ ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು. ಅದಕ್ಕೆ ಹಣ ಯಾರು ಕೊಡುತ್ತಾರೆ? ಯಾರೂ ಇಲ್ಲ ಎಂದರೆ ಪೆಟ್ಟಿಗೆ ಗೋಡೆಯ ಮೇಲೆ ಇದೆ ಎಂಬ ಧೈರ್ಯವೊಂದೇ ಉಳಿಯುತ್ತದೆ. ಆ ಧೈರ್ಯ ನಂಬಿಕೊಂಡು ಯಾರೋ ಒಬ್ಬರು ಓಡಿ ಹೋಗಿ ಅದನ್ನು ತೆಗೆದಾಗ ಏನಾಗುತ್ತದೆ ಎಂದು ಯೋಚಿಸಿದರೆ ಭಯವಾಗುತ್ತದೆ.

ಫುಟ್‌ಬಾಲ್ ಗೋಲ್‌ಪೋಸ್ಟ್ ಕೂಡ ಹಾಗೇ. ನೆಲಕ್ಕೆ ಬಿಗಿಯದ ಗೋಲ್‌ಪೋಸ್ಟ್ ಮೇಲೆ ಮಕ್ಕಳು ಜೋತುಬಿದ್ದು, ಅದು ಮಗುಚಿ ಬಿದ್ದು ಪ್ರಾಣ ಹೋದದ್ದು ಹಲವು ದೇಶಗಳಲ್ಲಿ ದಾಖಲಾಗಿದೆ. ಕಂಬದ ಬೆಲೆಯ ಮುಂದೆ ಅದನ್ನು ನೆಲಕ್ಕೆ ಕಟ್ಟುವ ಆಂಕರ್‌ನ ಬೆಲೆ ಏನೂ ಅಲ್ಲ. ಆದರೂ ನಮಗೆ ಬಂದ ಮಂಜೂರಾತಿ ಪಟ್ಟಿಯಲ್ಲಿ ಕಂಬ ಇತ್ತು, ಬಲೆ ಇತ್ತು, ಆಂಕರ್ ಇರಲಿಲ್ಲ. ನಾವು ಮರಳಿನ ಚೀಲ ಹೇರಿ ನಿಲ್ಲಿಸಿದ್ದೇವೆ. ಆಟ ಶುರುವಾಗುವ ಮುಂಚೆ ದಿನಾ ಒಬ್ಬರು ಹೋಗಿ ಕಂಬ ಅಲ್ಲಾಡಿಸಿ ನೋಡುತ್ತಾರೆ. ಪಟ್ಟಿ ಮಾಡಿದವರು ಒಂದು ಸಂಜೆ ಆಟದ ಬಯಲಿಗೆ ಬಂದಿದ್ದರೆ ಈ ಸಾಲು ಬಿಟ್ಟುಹೋಗುತ್ತಿರಲಿಲ್ಲ.

ಇನ್ನು ಮೆಟ್ಟಿಲಿನ ಮಾತು. ಇದು ನನ್ನ ಮನಸ್ಸನ್ನು ಜಾಸ್ತಿ ಕೊರೆಯುತ್ತಿರುವ ವಿಷಯ.

ನಮ್ಮ ಬಾಗಿಲಿಗೆ ಎರಡು ಮೆಟ್ಟಿಲಿವೆ. ಒಟ್ಟು ಒಂದು ಅಡಿ ಎತ್ತರ. ಓದುವ ಕೋಣೆಗೆ ಪ್ರತಿ ವಾರ ಬರುತ್ತಿದ್ದ ಒಬ್ಬ ಮಹಿಳೆ ಈಗ ಗಾಲಿಕುರ್ಚಿಯಲ್ಲಿದ್ದಾರೆ. ಮೊದಮೊದಲು ಇಬ್ಬರು ಸೇರಿ ಕುರ್ಚಿ ಸಮೇತ ಅವರನ್ನು ಎತ್ತಿ ಒಳಗೆ ತರುತ್ತಿದ್ದರು. ಎತ್ತುವವರಿಗೆ ಬೇಸರ ಇರಲಿಲ್ಲ. ಅವರಿಗೆ ಇತ್ತು. ಬೇರೆಯವರ ಕೈಯಲ್ಲಿ ತೂಗಾಡುತ್ತಾ ಎಲ್ಲರ ಮುಂದೆ ಒಳಗೆ ಬರುವುದು ಯಾರಿಗೆ ಇಷ್ಟವಾಗುತ್ತದೆ? ಬರುವುದನ್ನು ನಿಲ್ಲಿಸಿದರು. ಈಗ ಪುಸ್ತಕವನ್ನು ನಾವೇ ಅವರ ಮನೆಗೆ ಒಯ್ಯುತ್ತೇವೆ. ಆದರೆ ಅವರು ಬರುತ್ತಿದ್ದದ್ದು ಬರೀ ಪುಸ್ತಕಕ್ಕಾಗಿ ಅಲ್ಲ. ನಾಲ್ಕು ಜನರ ಜೊತೆ ಕೂತು ಮಾತಾಡಲು.

ಗಾಲಿಕುರ್ಚಿಯ ಇಳಿಜಾರು ದಾರಿಗೆ ಹಲವು ಕಡೆ ಒಪ್ಪಿದ ಒಂದು ಅಳತೆ ಇದೆ. 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ. ನಮ್ಮ ಅಂಗಳದಲ್ಲಿ ಅಷ್ಟು ಜಾಗ ಇದೆ. ನಮ್ಮ ಸದಸ್ಯರಲ್ಲೇ ಒಬ್ಬರು ಗಾರೆ ಕೆಲಸದವರು. ಕೂಲಿ ಬೇಡ ಎಂದಿದ್ದಾರೆ. ನಾವು ಆರು ಜನ ಕಲ್ಲು ಮಣ್ಣು ಹೊರಲು ಸಿದ್ಧ. ಬೇಕಾಗಿರುವುದು ಸಿಮೆಂಟು, ಮರಳು, ಜಲ್ಲಿ, ಹಿಡಿದುಕೊಳ್ಳಲು ಎರಡು ಕಂಬಿ. ಇಷ್ಟೇ. ಇದಕ್ಕೆ ಅರ್ಜಿ ಹಾಕಲು ನಾನು ಹುಡುಕಿದ ಯಾವ ಯೋಜನೆಯಲ್ಲೂ ಜಾಗ ಇಲ್ಲ. ಒಂದರಲ್ಲಿ ಮೊತ್ತ ತೀರಾ ಸಣ್ಣದಾಯಿತು. ಇನ್ನೊಂದರಲ್ಲಿ ಸಂಘದ ಪಾಲು ನಗದಾಗಿಯೇ ಇರಬೇಕು, ಮೈಮುರಿದು ದುಡಿದದ್ದು ಲೆಕ್ಕಕ್ಕಿಲ್ಲ.

ದುಡಿಮೆಯನ್ನು ಪಾಲು ಎಂದು ಹಿಡಿಯುವುದು ಆಗದ ಕೆಲಸವೇನಲ್ಲ. ಅಮೆರಿಕದ ಸಿಯಾಟಲ್ ನಗರ 1988ರಲ್ಲಿ ನೆರೆಹೊರೆಯ ಗುಂಪುಗಳಿಗಾಗಿ ಒಂದು ನಿಧಿ ಶುರುಮಾಡಿತು. ಅಲ್ಲಿ ಜನ ತಮ್ಮ ಪಾಲನ್ನು ಹಣವಾಗಿ ಕೊಡಬಹುದು, ಸಾಮಾನಾಗಿ ಕೊಡಬಹುದು, ಸ್ವಯಂಸೇವೆಯ ಗಂಟೆಗಳಾಗಿಯೂ ಕೊಡಬಹುದು. ಗಂಟೆಗೆ ಒಂದು ದರ ಹಿಡಿದು ಲೆಕ್ಕ ಹಾಕುತ್ತಾರೆ. ಆಟದ ಅಂಗಳ, ತೋಟ, ಸಮುದಾಯದ ಜಾಗ ಹೀಗೇ ಎದ್ದಿವೆ. ಕೈಯಲ್ಲಿ ಕಾಸಿಲ್ಲದ, ತೋಳಲ್ಲಿ ಕಸುವಿರುವ ಗುಂಪಿಗೆ ಇದರಷ್ಟು ದೊಡ್ಡ ಸಹಾಯ ಬೇರೆ ಇಲ್ಲ.

ಹಣ ಕೊಡುವ ರೀತಿಯ ಬಗ್ಗೆಯೂ ಹೇಳಲೇಬೇಕು. ಮೊದಲು ನೀವೇ ಖರ್ಚು ಮಾಡಿ, ಬಿಲ್ಲು ತನ್ನಿ, ಆಮೇಲೆ ಹಣ ಹಾಕುತ್ತೇವೆ ಎನ್ನುತ್ತಾರೆ. ಖರ್ಚು ಮಾಡುವಷ್ಟು ಹಣ ಬ್ಯಾಂಕಿನಲ್ಲಿ ಇದ್ದಿದ್ದರೆ ನಾವು ಅರ್ಜಿಯನ್ನೇ ಹಾಕುತ್ತಿರಲಿಲ್ಲ. ಇದರಿಂದ ಆಗುವುದು ಏನೆಂದರೆ, ಠೇವಣಿ ಇರುವ ದೊಡ್ಡ ಸಂಘಗಳಿಗೆ ಮತ್ತೆ ಮತ್ತೆ ಅನುದಾನ ಸಿಗುತ್ತದೆ. ಇಲ್ಲದವರು ಹೊರಗೇ ಉಳಿಯುತ್ತಾರೆ. ಒಂದು ಸಲ ನಾವು ಮೂರು ಜನ ಸೇರಿ ಕೈಯಿಂದ ಹಣ ಹಾಕಿ ಶೌಚಾಲಯದ ಪೈಪು ಬದಲಿಸಿದೆವು. ವಾಪಸು ಬರಲು ಹದಿನಾಲ್ಕು ತಿಂಗಳಾಯಿತು. ಆ ಮೂವರಲ್ಲಿ ಒಬ್ಬರಿಗೆ ಆ ವರ್ಷ ಮಗಳ ಕಾಲೇಜಿನ ಶುಲ್ಕ ಕಟ್ಟಬೇಕಿತ್ತು. ಅವರು ಒಂದು ಮಾತೂ ಆಡಲಿಲ್ಲ. ನನಗೇ ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಅರ್ಜಿಯ ಬಗ್ಗೆ ಬಹಳ ಬರೆಯುವುದಿಲ್ಲ. ಮೂಗಿಗಿಂತ ಮೂಗುತಿ ಭಾರ ಎನ್ನುವ ಹಾಗಿದೆ. ದೊಡ್ಡ ಕಟ್ಟಡಕ್ಕೆ ಯಾವ ನಮೂನೆಯೋ ನಾಲ್ಕು ಟ್ಯೂಬ್‌ಲೈಟಿಗೂ ಅದೇ ನಮೂನೆ. ಮೂರು ಕೊಟೇಶನ್ ಬೇಕು ಎನ್ನುತ್ತಾರೆ. ಸಣ್ಣ ಕೆಲಸಕ್ಕೆ ಲೆಟರ್‌ಹೆಡ್ ಮೇಲೆ ಬರೆದು ಕೊಡುವ ಪ್ಲಂಬರ್ ಎಲ್ಲಿ ಸಿಗುತ್ತಾರೆ? ಹಣ ಮಂಜೂರಾಗಿ ಬರುವುದು ಆರ್ಥಿಕ ವರ್ಷದ ಕೊನೆಯ ವಾರಗಳಲ್ಲಿ. ಅಷ್ಟರೊಳಗೆ ಖರ್ಚಾಗಬೇಕು, ಇಲ್ಲವಾದರೆ ವಾಪಸು. ಅವಸರದಲ್ಲಿ ಮಾಡಿದ ಕೆಲಸ ಅವಸರದಲ್ಲೇ ಹಾಳಾಗುತ್ತದೆ.

ನೀವು ಕೇಳಬಹುದು: ಮುಂಗಡ ಕೊಟ್ಟರೆ ದುರುಪಯೋಗ ಆಗುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ಕಾಗದದಲ್ಲಿ ಮಾತ್ರ ಇರುವ ಸಂಘಗಳು ಇವೆ. ಅವುಗಳಿಂದಾಗಿ ನಮ್ಮ ಮೇಲೂ ಅನುಮಾನ ಬೀಳುತ್ತದೆ, ಅದಕ್ಕೇ ಅವುಗಳ ಮೇಲೆ ನನಗೆ ನಿಮಗಿಂತ ಹೆಚ್ಚು ಸಿಟ್ಟು. ಆದರೆ ಕಾಗದ ಜಾಸ್ತಿ ಕೇಳಿದರೆ ಅಂಥವರು ಸೋಲುವುದಿಲ್ಲ. ಕಾಗದ ಮಾಡುವುದೇ ಅವರ ಕೆಲಸ. ಹೇಳದೆ ಕೇಳದೆ ಒಂದು ಸಂಜೆ ಬನ್ನಿ. ನಿನ್ನೆ ಬಾಗಿಲು ತೆಗೆದವರು ಯಾರು, ಹೋದ ವಾರ ಎಷ್ಟು ಜನ ಬಂದಿದ್ದರು, ಕುರ್ಚಿ ಎಷ್ಟಿವೆ ಎಂದು ಕೇಳಿ. ನಿಜವಾದ ಸಂಘ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ನಮ್ಮ ಜಮಾ ಖರ್ಚನ್ನು ನಾವು ಪ್ರತಿ ತಿಂಗಳೂ ಬಾಗಿಲ ಪಕ್ಕದ ಬೋರ್ಡಿಗೆ ಅಂಟಿಸುತ್ತೇವೆ. ಅನುದಾನ ಪಡೆಯುವ ಎಲ್ಲರಿಗೂ ಇದನ್ನು ಕಡ್ಡಾಯ ಮಾಡಿ, ನಾನು ಮೊದಲು ಸಹಿ ಹಾಕುತ್ತೇನೆ.

ಯಾರಿಗೆ ಮೊದಲು ಕೊಡಬೇಕು ಎಂಬುದನ್ನೂ ತೆರೆದ ಸಭೆಯಲ್ಲಿ ತೀರ್ಮಾನಿಸಬಹುದು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ಬಡಾವಣೆಯ ಜನರೇ ಸಭೆಗೆ ಬಂದು, ನಗರದ ಅಭಿವೃದ್ಧಿ ಹಣದ ಒಂದು ಭಾಗ ಯಾವ ಕೆಲಸಕ್ಕೆ ಮೊದಲು ಹೋಗಬೇಕು ಎಂದು ಚರ್ಚಿಸಿ ಆರಿಸುತ್ತಿದ್ದರು. ಆಮೇಲೆ ಲೋಕದ ಎಷ್ಟೋ ನಗರಗಳು ಆ ದಾರಿ ಹಿಡಿದವು. ಜನ ಎದುರಿಗೆ ಕೂತಾಗ ನಮ್ಮ ಸ್ಪೀಕರಿಗಿಂತ ಪಕ್ಕದ ಸಂಘದ ಶೌಚಾಲಯ ಮುಖ್ಯ ಎಂದು ನಾವೇ ಒಪ್ಪಿಕೊಳ್ಳುತ್ತೇವೆ. ಏಣಿ, ಪ್ರೊಜೆಕ್ಟರ್, ಮಡಚುವ ಕುರ್ಚಿಯಂಥ ಸಾಮಾನು ಪ್ರತಿ ಸಂಘಕ್ಕೂ ಬೇಕಿಲ್ಲ, ಒಂದೇ ಕಡೆ ಇಟ್ಟು ಹಂಚಿಕೊಳ್ಳಬಹುದು ಎಂಬ ಮಾತೂ ಅಂಥ ಸಭೆಯಲ್ಲೇ ಹುಟ್ಟುತ್ತದೆ.

ಹಾಗಾಗಿ ನನ್ನ ಕೋರಿಕೆ ಇಷ್ಟು. ಮುಂದಿನ ಬಜೆಟ್ ತಯಾರಿಯಲ್ಲಿ ಸಮುದಾಯದ ಸಂಘಗಳಿಗೆ ಎಂದು ಎತ್ತಿಡುವ ಹಣದಲ್ಲಿ ಒಂದು ಪಾಲನ್ನು ರಿಪೇರಿಗೆ ಮಾತ್ರ ಮೀಸಲಿಡಿ. ಹೊಸ ಸಲಕರಣೆ ಕೊಟ್ಟಾಗಲೆಲ್ಲ ಮೊದಲ ಮೂರು ವರ್ಷದ ಪಾಲನೆಯ ಹಣವನ್ನೂ ಅದೇ ಆದೇಶದಲ್ಲಿ ಸೇರಿಸಿ. ಸಣ್ಣ ಮೊತ್ತಕ್ಕೆ ಒಂದು ಪುಟದ ಅರ್ಜಿ ಸಾಕು ಎನ್ನಿ, ಅರ್ಧ ಹಣ ಮುಂಗಡವಾಗಿ ಕೊಡಿ, ನಮ್ಮ ದುಡಿಮೆಯನ್ನು ನಮ್ಮ ಪಾಲು ಎಂದು ಒಪ್ಪಿಕೊಳ್ಳಿ. ಇದಕ್ಕೆ ಹೊಸ ತೆರಿಗೆ ಬೇಡ. ಇರುವ ಹಣದ ನಿಯಮ ಬದಲಾದರೆ ಸಾಕು. ನಿಯಮ ಬದಲಿಸುವ ಸಭೆಯಲ್ಲಿ ನಿಮಗೆ ಕುರ್ಚಿ ಇದೆ, ನಮಗಿಲ್ಲ. ಅದಕ್ಕೇ ಈ ಪತ್ರ ನಿಮಗೆ.

ಒಮ್ಮೆ ನಮ್ಮ ಸಭಾಂಗಣಕ್ಕೆ ಬನ್ನಿ. ಹಾರ, ವೇದಿಕೆ ಏನೂ ಇರುವುದಿಲ್ಲ. ಮಳೆ ಬರುವ ಸಂಜೆಯಾದರೆ ಇನ್ನೂ ಒಳ್ಳೆಯದು. ಎಲ್ಲೆಲ್ಲಿ ಬಕೆಟ್ ಇಡಬೇಕು ಎಂಬುದು ಮಕ್ಕಳಿಗೆ ಬಾಯಿಪಾಠವಾಗಿದೆ, ಅವರೇ ತೋರಿಸುತ್ತಾರೆ. ಲೆಕ್ಕದ ಪುಸ್ತಕ ಮೇಜಿನ ಮೇಲೆ ಇರುತ್ತದೆ. ಇಳಿಜಾರು ದಾರಿಗೆ ಅಂಗಳದಲ್ಲಿ ಸುಣ್ಣದಿಂದ ಗೆರೆ ಎಳೆದಿದ್ದೇವೆ. 12 ಅಡಿ, ಅಳೆದು ನೋಡಬಹುದು.

ವಂದನೆಗಳೊಂದಿಗೆ,
ನಿಮ್ಮ ಕ್ಷೇತ್ರದ ಒಂದು ಸಂಘದ ಖಜಾಂಚಿ