ಕೊಲ್ಲಿ ನಾಡಿನ ನಮ್ಮವರಿಗೆ ಒಂದು ವಂದನೆ

ದುಬೈ, ಅಬುಧಾಬಿ, ಬಹ್ರೇನ್‌ಗಳಲ್ಲಿರುವ ಪ್ರೀತಿಯ ಸಹೋದರ ಸಹೋದರಿಯರೇ,

ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಪಾಲನಾ ಭೇಟಿ ಮುಗಿಸಿ ಊರು ಸೇರಿದ್ದೇನೆ. ಬಂದ ಮರುದಿನದಿಂದಲೇ ಇಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ: "ಎಷ್ಟು ಕೂಡಿತು, ಫಾದರ್?" ಏನೂ ಕೂಡಲಿಲ್ಲ, ರಸೀದಿ ಪುಸ್ತಕವನ್ನೇ ಒಯ್ದಿರಲಿಲ್ಲ ಎಂದರೆ ನಂಬುವವರಿಲ್ಲ. ಅಲ್ಲೂ ಇದೇ ಕತೆ. ಊಟಕ್ಕೆ ಕರೆದ ಮನೆಯೊಂದರಲ್ಲಿ ಯಜಮಾನರು ಕೈ ತೊಳೆದು ಬಂದವರೇ, "ಈ ಸಲ ಯಾವುದು ಫಾದರ್, ಗಂಟೆ ಗೋಪುರವೋ ಕಾಂಪೌಂಡೋ?" ಎಂದು ಕೇಳಿದರು. ಎರಡೂ ಅಲ್ಲ, ನಿಮ್ಮನ್ನು ನೋಡಿಕೊಂಡು ಹೋಗಲು ಬಂದೆ ಎಂದಾಗ ಅವರಿಗೆ ಸ್ವಲ್ಪ ಗಾಬರಿಯೇ ಆಯಿತು.

ಗಾಬರಿಯಾಗದೆ ಏನು? ನಮ್ಮ ಕಡೆಯ ಚರ್ಚುಗಳ ಬಾಗಿಲ ಪಕ್ಕದ ಗ್ರಾನೈಟ್ ಫಲಕ ಓದಿ ನೋಡಿ. ಹೆಸರಿನ ಮುಂದೆ ದುಬೈ, ಕುವೈತ್, ಮಸ್ಕತ್ ಎಂದು ಕೆತ್ತಿರುತ್ತದೆ. ನೀವು ಕಳಿಸಿದ ದುಡ್ಡಿಗೆ ವಂದನೆ ಹೇಳುವುದು ನಮಗೆ ಚೆನ್ನಾಗಿ ಗೊತ್ತು. ದುಡ್ಡು ಕಳಿಸಿ ಉಳಿದ ಹೊತ್ತಿನಲ್ಲಿ ನೀವು ಅಲ್ಲಿ ಧರ್ಮಸಭೆಯಾಗಿ ಬದುಕುತ್ತಿದ್ದೀರಲ್ಲ, ಅದಕ್ಕೆ ಯಾರೂ ವಂದನೆ ಹೇಳಿದ್ದನ್ನು ನಾನು ಕೇಳಿಲ್ಲ. ಈ ಪತ್ರ ಅದಕ್ಕೆ.

ನನಗೆ ಜಾಗ ಕೊಟ್ಟ ದಕ್ಷಿಣ ಅರೇಬಿಯ, ಉತ್ತರ ಅರೇಬಿಯ ವಿಕಾರಿಯೇಟ್‌ಗಳಿಗೂ (ಕೊಲ್ಲಿಯ ಕಥೋಲಿಕ ಆಡಳಿತ ಪ್ರಾಂತ್ಯಗಳು) ಅಲ್ಲಿನ ಕಪುಚಿನ್ ಸಂನ್ಯಾಸ ಸಭೆಯ ಗುರುಗಳಿಗೂ ಮೊದಲ ನಮನ. ಅಲ್ಲಿ ಪೂಜೆ ನಡೆಯಬೇಕಾದದ್ದು ಪರವಾನಗಿ ಇರುವ ಆವರಣದೊಳಗೇ. ಹಾಗಾಗಿ ಹೊರಗಿನ ಗುರುವೊಬ್ಬನಿಗೆ ಬಲಿಪೀಠ ಬಿಟ್ಟುಕೊಡುವುದೆಂದರೆ ದೊಡ್ಡ ಜವಾಬ್ದಾರಿ. ದುಬೈಯ ಊದ್ ಮೇಥಾದಲ್ಲಿ ಸಂತ ಮರಿಯಮ್ಮನವರ ಚರ್ಚಿಗೆ 1960ರ ದಶಕದಲ್ಲಿ ನೆಲ ಕೊಟ್ಟವರು ಅಲ್ಲಿನ ಆಗಿನ ದೊರೆ ಶೇಖ್ ರಶೀದ್. ಬಹ್ರೇನ್‌ನ ಮನಾಮಾದಲ್ಲಿ 1939ರಲ್ಲೇ ಆಗಿನ ದೊರೆ ಜಾಗ ಕೊಟ್ಟಿದ್ದರು. ಈಗಿನ ದೊರೆ ಹಮದ್ ಕೊಟ್ಟ ನೆಲದಲ್ಲಿ ಅವಾಲಿಯ ಅರೇಬಿಯ ಮಾತೆಯ ಪ್ರಧಾನಾಲಯ 2021ರ ಡಿಸೆಂಬರಿನಲ್ಲಿ ತೆರೆಯಿತು. ಗುಡಾರದ ಆಕಾರದ ಆ ಕಟ್ಟಡದಲ್ಲಿ 2,300 ಜನ ಕೂರಬಹುದು. ಈ ದೊರೆಗಳಿಗಾಗಿ ಬಲಿಪೂಜೆಯಲ್ಲಿ ಮನಸಾರೆ ಪ್ರಾರ್ಥಿಸಿದೆ.

2025ರಲ್ಲಿ ರಂಜಾನ್ ಮಾರ್ಚ್ 1ಕ್ಕೆ ಶುರುವಾದರೆ ನಮ್ಮ ತಪಸ್ಸುಕಾಲ ಆರಂಭವಾಗುವ ವಿಭೂತಿ ಬುಧವಾರ ಮಾರ್ಚ್ 5ಕ್ಕೆ ಬಂತು. ಇಡೀ ಊರಿಗೆ ಊರೇ ಉಪವಾಸ ಇರುವಾಗ ನಾವು ಇರುವುದೇನು ಮಹಾ ಅನ್ನಿಸಿತು. ಮುಸ್ಸಂಜೆಗೆ ಸಿಗ್ನಲ್ಲಿನಲ್ಲಿ ಕಾರು ನಿಂತರೆ ಹುಡುಗರು ಓಡಿಬಂದು ಕಿಟಕಿಯೊಳಗೆ ಖರ್ಜೂರ, ನೀರು ಕೊಡುತ್ತಿದ್ದರು. ಯಾರು, ಯಾವ ಮತ ಎಂಬ ವಿಚಾರಣೆ ಇಲ್ಲ. ಹೆಸರು ಗೊತ್ತಿಲ್ಲದ ಆ ಮಕ್ಕಳಿಗೆ ವಂದನೆ.

ಕೊಂಕಣಿ ಬಾಂಧವರಿಗೂ ವಂದನೆ ಹೇಳಬೇಕು. ನಿಮ್ಮ ಸಭಾಂಗಣ, ನಿಮ್ಮ ಕೀಬೋರ್ಡು, ಕೊನೆಗೆ ನಿಮ್ಮ ಗಾಯನ ಮಂಡಳಿಯ ಅರ್ಧ ಜನವನ್ನೂ ನಮಗೆ ಕೊಟ್ಟಿರಿ. ಕನ್ನಡ ಹಾಡುಗಳನ್ನು ನಮ್ಮವರಿಗಿಂತ ನೀವೇ ಸರಿಯಾಗಿ ಹಾಡಿದಿರಿ ಎಂದರೆ ನಮ್ಮವರು ಮುನಿಸಿಕೊಳ್ಳಲಿಕ್ಕಿಲ್ಲ ಎಂದುಕೊಂಡಿದ್ದೇನೆ.

ಎಮಿರೇಟ್ಸ್‌ನಲ್ಲಿ 2022ರಿಂದ ವಾರದ ರಜೆ ಶನಿವಾರ ಭಾನುವಾರಕ್ಕೆ ಬಂದಿದೆ. ಅದು ಆಫೀಸಿನವರಿಗೆ. ಅಂಗಡಿ, ಕಟ್ಟಡ, ಮನೆಗೆಲಸದವರ ರಜೆ ಯಜಮಾನ ಹೇಳಿದ ದಿನವೇ. ದುಬೈಯಲ್ಲಿ ಶುಕ್ರವಾರ ರಾತ್ರಿ, ಪ್ರಭುವಿನ ಯಾತನೆಯನ್ನು ಹದಿನಾಲ್ಕು ಸ್ಥಳಗಳಲ್ಲಿ ಧ್ಯಾನಿಸುವ ಶಿಲುಬೆ ಹಾದಿಗೆ ಬಂದವರಲ್ಲಿ ಸೂಪರ್‌ಮಾರ್ಕೆಟ್ಟಿನ ಅಂಗಿಯವರಿದ್ದರು, ಸೆಕ್ಯೂರಿಟಿಯ ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡವರಿದ್ದರು. ಒಂಬತ್ತನೆಯ ಸ್ಥಳ, ಪ್ರಭು ಮೂರನೆಯ ಸಲ ಬೀಳುವುದು, ಅದನ್ನು ಓದುವ ಸರದಿ ಹಾಸನದ ಕಡೆಯ ಹುಡುಗನೊಬ್ಬನದ್ದು. ಬೂಟಿನ ಮೇಲೆ ಸಿಮೆಂಟು ಒಣಗಿತ್ತು. ಮೊಬೈಲಿನಲ್ಲಿ ನೋಡಿ ಓದುತ್ತಿರುವಾಗಲೇ ಅದೇ ಮೊಬೈಲಿಗೆ ಕ್ಯಾಂಪಿನ ಬಸ್ಸಿನವನ ಕರೆ ಬಂತು. ಕಟ್ ಮಾಡಿ ಓದಿದ. ಮತ್ತೆ ಬಂತು, ಮತ್ತೆ ಕಟ್. ಓದಿ ಮುಗಿಸಿ, ಮೊಣಕಾಲೂರಿ ಎದ್ದು, ಮೊಬೈಲನ್ನು ರೂಮಿನವನ ಕೈಗೆ ಕೊಟ್ಟು ಗೇಟಿನ ಕಡೆ ಓಡಿದ. ಮುಂದಿನ ಸ್ಥಳ ಓದಿದ್ದು ಆ ರೂಮಿನವನು. ಬಸ್ಸು ಸಿಕ್ಕಿತಂತೆ, ಆಮೇಲೆ ವಿಚಾರಿಸಿದೆ. ಮಗನೇ, ಅಷ್ಟು ಧರ್ಮೋಪದೇಶ ಮಾಡಿದೆನಲ್ಲ, ನೀನು ಓದಿದಷ್ಟು ಚೆನ್ನಾಗಿ ಅದ್ಯಾವುದೂ ಆಗಲಿಲ್ಲ.

ಇನ್ನೊಬ್ಬರಿಗೆ ವಂದನೆ ಹೇಳದೆ ಈ ಪತ್ರ ಮುಗಿಸಿದರೆ ನಮ್ಮ ಧರ್ಮಕೇಂದ್ರದ ಒಂದು ಮನೆ ನನ್ನನ್ನು ಕ್ಷಮಿಸಲಿಕ್ಕಿಲ್ಲ. ಕಳೆದ ವರ್ಷ ನಮ್ಮವರೊಬ್ಬರು ಅಲ್ಲಿ ರಾತ್ರಿ ಮಲಗಿದವರು ಬೆಳಗ್ಗೆ ಏಳಲಿಲ್ಲ. ಮೃತದೇಹ ಊರಿಗೆ ಬಂದದ್ದು ದಕ್ಷಿಣ ಕನ್ನಡದ ಒಬ್ಬ ಬ್ಯಾರಿ ಮುಸ್ಲಿಂ ಸಹೋದರರ ಓಡಾಟದಿಂದ. ಈ ಸಲ ಅವರನ್ನು ಹುಡುಕಿಕೊಂಡು ಹೋದೆ. ಟ್ರಾವೆಲ್ಸ್‌ನಲ್ಲಿ ಕೆಲಸ. ಮೇಜಿನ ಕೆಳಗಿನಿಂದ ಫೈಲು ತೆಗೆದು ತೋರಿಸಿದರು: ಮರಣ ಪ್ರಮಾಣಪತ್ರ, ಪೊಲೀಸರ ಪತ್ರ, ಕಾನ್ಸುಲೇಟಿನಲ್ಲಿ ಪಾಸ್‌ಪೋರ್ಟ್ ರದ್ದು ಮಾಡಿಸಿದ ಕಾಗದ, ಎಂಬಾಮಿಂಗ್ ಆದ ಪತ್ರ, ವಿಮಾನದ ಕಾರ್ಗೋ ರಸೀದಿ. ಒಂದು ಇಲ್ಲದಿದ್ದರೆ ಇನ್ನೊಂದು ಮುಂದಕ್ಕೆ ಹೋಗುವುದಿಲ್ಲ. ಕಂಪನಿ ಕೈಯೆತ್ತಿದರೆ ಭಾರತೀಯ ಸಮುದಾಯ ಕಲ್ಯಾಣ ನಿಧಿಗೆ ಅರ್ಜಿ ಬರೆಯುವುದೂ ಇವರೇ. ಇಂಥ ಎಷ್ಟು ಫೈಲು ಎಂದು ಕೇಳಿದೆ. ಮೇಜಿನ ಕೆಳಗೆ ಬಗ್ಗಿ ನೋಡಿ, "ಲೆಕ್ಕ ಇಟ್ಟಿಲ್ಲ ಫಾದರ್, ಇಡಬಾರದು" ಎಂದರು. ಅವರು ಉಪವಾಸದಲ್ಲಿದ್ದರು, ನನಗೆ ಮಾತ್ರ ಚಹಾ ತರಿಸಲು ಎದ್ದರು. ನಾನೂ ಕುಡಿಯಲಿಲ್ಲ.

ಬಹ್ರೇನ್‌ನಲ್ಲಿ ಶುಕ್ರವಾರವೇ ರಜೆ, ಮನಾಮಾದಲ್ಲಿ ಕಾಲಿಡಲು ಜಾಗ ಇರಲಿಲ್ಲ. ಮನೆಗೆಲಸದ ಸಹೋದರಿಯರೇ, ಸಿಕ್ಕಿದ ಎರಡು ಗಂಟೆ ಬಿಡುವಿನಲ್ಲಿ ಪಾಪನಿವೇದನೆಯ ಸಾಲಿನಲ್ಲಿ ನಿಂತಿರಿ. ನಿಮ್ಮ ಹಿಂದಿನವರಿಗೆ ಹೊತ್ತಾಗುತ್ತದೆಂದು ಮುಂದೆ ಬಿಟ್ಟಿರಿ. ನಿಮ್ಮಲ್ಲಿ ಕೆಲವರಿಗೆ ಪೂಜೆ ಸಿಗುವುದು ತಿಂಗಳಿಗೊಮ್ಮೆ. ಇಲ್ಲಿ ಚರ್ಚಿನ ಎದುರು ಮನೆಯವರು ಎರಡನೆಯ ಗಂಟೆ ಹೊಡೆದ ಮೇಲೆ ಹೊರಡುತ್ತಾರೆ.

ಎಲ್ಲ ಕಡೆಯೂ ಜಗದ್ಗುರು ಪೋಪ್ ಫ್ರಾನ್ಸಿಸರಿಗಾಗಿ ಜಪಸರ ನಡೆಯುತ್ತಿತ್ತು. ಅವರು ಆಸ್ಪತ್ರೆಯಲ್ಲಿದ್ದರು. 2019ರ ಫೆಬ್ರವರಿಯಲ್ಲಿ ಅಬುಧಾಬಿಯ ಮೈದಾನದಲ್ಲಿ ಸುಮಾರು 1,80,000 ಜನರ ನಡುವೆ ಅವರ ಪೂಜೆ ಕಂಡವರು ಆ ದಿನದ ಪಾಸನ್ನು ಇನ್ನೂ ಪರ್ಸಿನಲ್ಲಿ ಇಟ್ಟುಕೊಂಡಿದ್ದಾರೆ. ಮಾರ್ಚ್ 23ರಂದು ಅವರು ಮನೆಗೆ ಮರಳಿದ ಸುದ್ದಿ ಬಂದಾಗ ನಮ್ಮವರ ವಾಟ್ಸಾಪ್ ಗುಂಪುಗಳಿಗೆ ನಿದ್ದೆಯೇ ಇರಲಿಲ್ಲ.

ಊರಿನವರಿಗೆ ಒಂದು ಮಾತು, ಸ್ವಲ್ಪ ಖಾರವಾಗಿಯೇ. ವಿಸಿಟ್ ವೀಸಾದಲ್ಲಿ ಕಳಿಸಿ ಅಲ್ಲಿ ಕೆಲಸ ಕೊಡಿಸುತ್ತೇನೆ ಎನ್ನುವ ಏಜೆಂಟರ ಕೈಗೆ ಹೆಣ್ಣುಮಕ್ಕಳನ್ನು ಒಪ್ಪಿಸಬೇಡಿ. ಹತ್ತನೇ ತರಗತಿ ಆಗದೆ ಇಸಿಆರ್ ಪಾಸ್‌ಪೋರ್ಟ್ (ಹೊರದೇಶದ ಕೆಲಸಕ್ಕೆ ಸರ್ಕಾರದ ಅನುಮತಿ ಬೇಕಾದದ್ದು) ಇರುವ ಹೆಣ್ಣುಮಕ್ಕಳು ಮನೆಗೆಲಸಕ್ಕೆ ಹೋಗಬೇಕಾದರೆ 30 ವರ್ಷ ಆಗಿರಲೇಬೇಕು ಎಂದು ನಮ್ಮ ಸರ್ಕಾರದ ನಿಯಮವಿದೆ. ಅದನ್ನು ತಪ್ಪಿಸಿ ಹೋದವರಿಗೆ ಕಷ್ಟ ಬಂದಾಗ ದಾಖಲೆಯಲ್ಲಿ ಹೆಸರೇ ಇರುವುದಿಲ್ಲ. ಆಗ ಓಡಾಡುವವರು ನಾನು ಮೇಲೆ ಹೇಳಿದಂಥವರೇ.

ನೀವು ಕೊಟ್ಟ ಪೊಟ್ಟಣಗಳನ್ನು ಮನೆಮನೆಗೆ ಮುಟ್ಟಿಸುತ್ತಿದ್ದೇನೆ. ಈಸ್ಟರಿನ ಹಿಂದಿನ ವಾರದ ಗರಿಗಳ ಭಾನುವಾರದೊಳಗೆ ಎಲ್ಲವೂ ತಲುಪುತ್ತವೆ. ಧ್ವನಿ ಸಂದೇಶಗಳನ್ನು ಅಮ್ಮಂದಿರ ಎದುರೇ ಕೂತು ಕೇಳಿಸುತ್ತಿದ್ದೇನೆ, ಒಬ್ಬೊಬ್ಬರು ಎರಡೆರಡು ಸಲ ಹಾಕಿಸಿಕೊಳ್ಳುವುದರಿಂದ ತಡವಾಗುತ್ತಿದೆ. ಮಕ್ಕಳ ಪ್ರಥಮ ಪರಮಪ್ರಸಾದಕ್ಕೆ ಅಲ್ಲಿ ಜ್ಞಾನಸ್ನಾನದ ಪ್ರಮಾಣಪತ್ರ ಕೇಳುತ್ತಾರೆಂದು ಹಲವರು ಹೇಳಿದಿರಿ. ಮಗುವಿನ ಹೆಸರು, ತಂದೆತಾಯಿಯ ಹೆಸರು, ಜ್ಞಾನಸ್ನಾನವಾದ ವರ್ಷ ಇಷ್ಟನ್ನು ಕಳಿಸಿ. ಪುಸ್ತಕ ನೋಡಿ, ಮುದ್ರೆ ಹಾಕಿ, ಸ್ಕ್ಯಾನ್ ಮಾಡಿ ಕಳಿಸುತ್ತೇವೆ. ಅದಕ್ಕೆ ಕಾಣಿಕೆ ಕಟ್ಟಬೇಕಾಗಿಲ್ಲ.

ಪ್ರಭುವಿನಲ್ಲಿ ನಿಮ್ಮ,
ಧರ್ಮಕೇಂದ್ರದ ಗುರು